ಹಿಂಬರಹ ಕೊಡಿ ಸ್ವಾಮಿ

ಕೋರ್ಟಿನ ಮೆಟ್ಟಿಲು ಹತ್ತದೆ ನೀರು, ಪಡಿತರ, ಮನೆ ಜಾಗ, ಕಾಡಿನ ಹಕ್ಕು ಪಡೆಯುವುದು ಹೇಗೆ ಎಂದು ಕೊಡಗಿನ ಓದುಗರು ಕೇಳಿದ್ದಾರೆ. ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಬರೆದವರ ಹೆಸರು, ಊರು ಹಾಕಿಲ್ಲ. ಯಾಕೆಂದು ಬರೆದವರಿಗೇ ಗೊತ್ತು.

ಪ್ರಶ್ನೆ: ನಮ್ಮ ಹಾಡಿಯ (ಬುಡಕಟ್ಟು ಜನರ ವಸತಿಯ) 30 ಕುಟುಂಬಗಳು ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ್ದವು. 'ಸಾಕ್ಷ್ಯ ಸಾಲದು' ಎಂಬ ಒಂದೇ ಸಾಲು ಬರೆದು ಎಲ್ಲವನ್ನೂ ತಿರಸ್ಕರಿಸಿದ್ದಾರೆ. ಇನ್ನು ವಕೀಲರನ್ನು ಹಿಡಿಯುವುದೊಂದೇ ದಾರಿಯೇ? (ದಕ್ಷಿಣ ಕೊಡಗಿನ ಹಾಡಿಯೊಂದರಿಂದ)

ವಕೀಲರು ಈಗಲೇ ಬೇಡ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೊದಲ ತೀರ್ಮಾನ ಮಾಡುವ ಅಧಿಕಾರ ಇರುವುದು ನಿಮ್ಮ ಗ್ರಾಮಸಭೆಗೆ. ಅದರ ಮೇಲೆ ಉಪವಿಭಾಗ ಮಟ್ಟದ ಸಮಿತಿ, ಅದರ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿ. ಕೆಳಗಿನ ಸಭೆಯ ಕಾಗದ ಗಟ್ಟಿಯಾಗಿದ್ದರೆ ಮೇಲಿನವರು ಅದನ್ನು ಸುಲಭವಾಗಿ ತಳ್ಳಿಹಾಕಲಾರರು. ಎಡವಟ್ಟಾಗುವುದು ಹೆಚ್ಚಾಗಿ ಈ ಕೆಳಗಿನ ಕಾಗದದಲ್ಲೇ.

ಮೊದಲು ತಿರಸ್ಕಾರದ ಪ್ರತಿಯನ್ನು ಕೈಗೆ ತೆಗೆದುಕೊಳ್ಳಿ. ಪಂಚಾಯಿತಿ ಗೋಡೆಗೆ ಪಟ್ಟಿ ಅಂಟಿಸಿದರೆ ಸಾಲದು. ತಿರಸ್ಕರಿಸಿದ ವಿಷಯವನ್ನು ಅರ್ಜಿದಾರರಿಗೆ ಖುದ್ದಾಗಿ, ಕಾರಣ ಸಮೇತ ತಿಳಿಸಬೇಕು ಎಂದು ನಿಯಮವೇ ಹೇಳುತ್ತದೆ. ಗ್ರಾಮಸಭೆ ತಿರಸ್ಕರಿಸಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಅರ್ಜಿ, ಉಪವಿಭಾಗ ಸಮಿತಿ ತಿರಸ್ಕರಿಸಿದ್ದರೆ 60 ದಿನದೊಳಗೆ ಜಿಲ್ಲಾ ಸಮಿತಿಗೆ. ತೀರ್ಮಾನ ನಿಮ್ಮ ಕೈಗೆ ಬಂದೇ ಇಲ್ಲ ಎಂದಾದರೆ ಅದನ್ನೇ ಅರ್ಜಿಯ ಮೊದಲ ಸಾಲಾಗಿ ಬರೆಯಿರಿ.

ಇನ್ನು ಸಾಕ್ಷ್ಯ. ನಿಯಮ 13 ಕೇಳುವುದು ಎರಡು ಬಗೆಯ ಸಾಕ್ಷ್ಯ ಮಾತ್ರ, ಪಹಣಿಯನ್ನಲ್ಲ. ಹಾಡಿಯ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೊಂದು ಸಾಕ್ಷ್ಯ. ಆದರೆ ಆ ಹಿರಿಯರು ಅದೇ ಅರ್ಜಿಯ ಹಕ್ಕುದಾರರಾಗಿರಬಾರದು; ಮಗನ ಅರ್ಜಿಗೆ ಜಂಟಿ ಹಕ್ಕುದಾರನಾದ ಅಪ್ಪನೇ ಹೇಳಿಕೆ ಕೊಟ್ಟು ಬಿದ್ದುಹೋದ ಅರ್ಜಿಗಳಿವೆ. ಹಳೆಯ ಮನೆಯ ಅಡಿಪಾಯ, ಬಾವಿ, ಹೂಳುವ ಜಾಗ, ದೇವರ ಕಲ್ಲು, ನೆಟ್ಟು ಬೆಳೆಸಿದ ಹಲಸು, ಮಾವು ಇವು ಭೌತಿಕ ಸಾಕ್ಷ್ಯ. ಮತದಾರರ ಪಟ್ಟಿ, ಪಡಿತರ ಚೀಟಿ, ಮನೆ ಕಂದಾಯದ ರಸೀದಿ, ಹಳೆಯ ಜನಗಣತಿ ದಾಖಲೆ, ಅರಣ್ಯ ಇಲಾಖೆ ಹಿಂದೆ ಹಾಕಿದ ಮೊಕದ್ದಮೆಯ ಕಾಗದ ಎಲ್ಲವೂ ನಡೆಯುತ್ತವೆ. ಕೊನೆಯದು ಕೇಳಿ ಹಲವರು ಬೆಚ್ಚುತ್ತಾರೆ. ನಿಮ್ಮನ್ನು ಓಡಿಸಲು ಬರೆದ ಕಾಗದವೇ ನೀವು ಅಲ್ಲಿದ್ದಿರಿ ಎನ್ನುವುದಕ್ಕೆ ಪುರಾವೆ. ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲ ಎಂದು ಹೇಳಿದರೆ, ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವೇ ಹೊರತು ಅದರ ಬದಲಿಯಲ್ಲ ಎಂದು ನಿಯಮ ತೋರಿಸಿ. ಮರದ ನೆರಳಲ್ಲಿ ಕಾಫಿ, ಮೆಣಸು, ಗೆಣಸು ಬೆಳೆಯುವ ನಾಡಿನಲ್ಲಿ ಮೇಲಿಂದ ತೆಗೆದ ಚಿತ್ರಕ್ಕೆ ಹಸಿರು ಬಿಟ್ಟು ಬೇರೇನು ಕಂಡೀತು?

ಒಬ್ಬೊಬ್ಬ ಅರ್ಜಿದಾರರಿಗೂ ಒಂದು ಕಡತ ಮಾಡಿ. ಪರಿಶಿಷ್ಟ ಪಂಗಡದವರಾದರೆ 13-12-2005ಕ್ಕೆ ಮುಂಚೆ ಆ ಜಾಗ ಅನುಭವದಲ್ಲಿತ್ತು ಎಂಬುದು ಸಾಕು. ಇತರ ಅರಣ್ಯವಾಸಿಗಳು 75 ವರ್ಷದ, ಅಂದರೆ ಮೂರು ತಲೆಮಾರಿನ ವಾಸ ತೋರಿಸಬೇಕು. ಈ ಎರಡು ಗುಂಪಿನ ಅರ್ಜಿಗಳನ್ನು ಒಂದೇ ಕಟ್ಟಿನಲ್ಲಿ ಕಳಿಸಬೇಡಿ. ಕಷ್ಟದ ಅರ್ಜಿಯ ಜೊತೆ ಸುಲಭದ್ದೂ ಕೂತುಬಿಡುತ್ತದೆ. ವೈಯಕ್ತಿಕ ಹಕ್ಕಿಗೆ ನಮೂನೆ ಎ, ಸಮುದಾಯ ಹಕ್ಕಿಗೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಸಿ. ಜೇನು, ಸೀಗೆ, ಅಂಟುವಾಳ, ನೆಲ್ಲಿ ತರುವ ದಾರಿ, ಹೂಳುವ ಜಾಗ ಇವೆಲ್ಲ ಬಿ ಮತ್ತು ಸಿಯಲ್ಲಿ ಬರಬೇಕು. ಬಹಳ ಹಾಡಿಗಳು ಎ ಒಂದನ್ನೇ ತುಂಬಿ ಸುಮ್ಮನಾಗುತ್ತವೆ. ಮನೆಯಡಿಗೆ ಹಕ್ಕುಪತ್ರ ಬಂದು, ಜೇನಿಗೆ ಹೋಗುವಾಗ ಗೇಟಿನಲ್ಲಿ ತಡೆದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕೋರಂ, ಅಂದರೆ ಸಭೆಯಲ್ಲಿ ಇರಲೇಬೇಕಾದ ಜನರ ಸಂಖ್ಯೆ. ಪಂಚಾಯಿತಿಯ ಮಾಮೂಲಿ ಗ್ರಾಮಸಭೆಗೆ ಹತ್ತರಲ್ಲೊಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ಅರಣ್ಯ ಹಕ್ಕಿನ ಗ್ರಾಮಸಭೆ ಬೇರೆ. ಅದು ಹಾಡಿಯ ಮಟ್ಟದಲ್ಲಿ ನಡೆಯಬೇಕು, ವಯಸ್ಕರಲ್ಲಿ ಅರ್ಧದಷ್ಟು ಜನ ಇರಬೇಕು, ಬಂದವರಲ್ಲಿ ಮೂರನೇ ಒಂದು ಹೆಂಗಸರಿರಬೇಕು, ಹಕ್ಕಿನ ಬಗ್ಗೆ ನಿರ್ಣಯ ಮಾಡುವಾಗ ಅರ್ಜಿದಾರರಲ್ಲಿ ಅರ್ಧದಷ್ಟಾದರೂ (ಅಥವಾ ಅವರ ಪ್ರತಿನಿಧಿಗಳು) ಹಾಜರಿರಬೇಕು. ನಾಲ್ಕೈದು ಊರು ಸೇರಿದ ಪಂಚಾಯಿತಿ ಸಭೆಯಲ್ಲಿ, ಸೋಲಾರ್ ದೀಪ ಮತ್ತು ಚರಂಡಿಯ ನಡುವೆ, ನಿಮ್ಮ ಹಕ್ಕಿನ ವಿಷಯ ತೀರ್ಮಾನವಾಗಿದ್ದರೆ ಆ ನಿರ್ಣಯವೇ ಕ್ರಮಬದ್ಧವಲ್ಲ ಎಂದು ನೀವೇ ತಕರಾರು ಎತ್ತಬಹುದು. ನಿಮ್ಮ ಪರವಾಗಿ ಬಂದ ನಿರ್ಣಯವೂ ಇದೇ ಕಾರಣಕ್ಕೆ ಬಿದ್ದುಹೋಗಬಹುದು ಎಂಬುದನ್ನೂ ಮರೆಯಬೇಡಿ. ಆದ್ದರಿಂದ ಹಾಡಿಯ ವಯಸ್ಕರ ಪಟ್ಟಿಯನ್ನು ಮೊದಲೇ ಬರೆದು ಒಟ್ಟು ಎಷ್ಟು ಜನ ಎಂಬ ಸಂಖ್ಯೆಯನ್ನು ನಡಾವಳಿಯ ತಲೆಯಲ್ಲೇ ಹಾಕಿಸಿ. ಒಟ್ಟು ಗೊತ್ತಿಲ್ಲದೆ ಅರ್ಧ ಎಷ್ಟೆಂದು ಯಾರು ಹೇಳಬೇಕು?

ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ. ಮೂರನೇ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರನೇ ಒಂದು ಹೆಂಗಸರು. ಸಮಿತಿ ಸ್ಥಳ ಪರಿಶೀಲನೆಗೆ ಹೋಗುವ ದಿನವನ್ನು ಅರಣ್ಯ ಮತ್ತು ಕಂದಾಯ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಬೇಕು. ಅವರು ಬಂದರೆ ಹುದ್ದೆ, ದಿನಾಂಕ ಸಮೇತ ಸಹಿ ಹಾಕಿಸಿ. ಬರದೆ ಹೋಗಿ ಆಮೇಲೆ 'ನಮ್ಮ ಗೈರಿನಲ್ಲಿ ಮಾಡಿದ್ದು' ಎಂದರೆ ಇನ್ನೊಂದು ಸಲ ಕರೆಯಿರಿ. ಎರಡನೇ ಸಲವೂ ಬರದಿದ್ದರೆ ಸ್ಥಳ ಪರಿಶೀಲನೆಯ ಮಟ್ಟಿಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಪರಿಶೀಲನೆ ಪೂರ್ತಿಯಾಗುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ, ಅದು ಕಾಯ್ದೆಯ ಕಲಂ 4(5).

ಒಂದು ವಿಷಯ ಸೇರಿಸಬೇಕು. ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯನ್ನು ಕೆಲವರು ಭಾಷಣದಲ್ಲಿ ಎಳೆದು ತರುತ್ತಾರೆ. ಅದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಪೆಸಾ ಇಲ್ಲಿಗೆ ಅನ್ವಯಿಸುವುದಿಲ್ಲ. ಅರ್ಜಿಯಲ್ಲಿ ಅದನ್ನು ಬರೆದರೆ ಎದುರಿನವರಿಗೆ ನಗಲು ಒಂದು ನೆಪ ಸಿಗುತ್ತದೆ ಅಷ್ಟೆ.

ಪ್ರಶ್ನೆ: ಮೂರು ವರ್ಷದಿಂದ ಗ್ರಾಮಸಭೆಯಲ್ಲಿ 'ಹಾಡಿಗೆ ಕುಡಿಯುವ ನೀರು ಕೊಡಬೇಕೆಂದು ತೀರ್ಮಾನಿಸಲಾಯಿತು' ಎಂದು ಬರೆಯುತ್ತಾರೆ. ನೀರು ಮಾತ್ರ ಬಂದಿಲ್ಲ. ಏನು ತಪ್ಪು?

ತಪ್ಪು ಆ ವಾಕ್ಯದಲ್ಲೇ ಇದೆ. ಯಾರು ಕೊಡಬೇಕು, ಎಷ್ಟು, ಎಲ್ಲಿಂದ, ಯಾವ ಹಣದಲ್ಲಿ, ಯಾವ ದಿನದೊಳಗೆ ಎಂಬ ಐದೂ ಇಲ್ಲದ ಠರಾವು ಹಾರೈಕೆ ಮಾತ್ರ. ಮುಂದಿನ ವರ್ಷ ಅದನ್ನೇ ನಕಲು ಮಾಡಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೂ ಕಷ್ಟವಿಲ್ಲ.

ಲೆಕ್ಕದಿಂದ ಶುರು ಮಾಡಿ. ಜಲಜೀವನ್ ಮಿಷನ್ ಹೇಳುವುದು ತಲೆಗೆ ದಿನಕ್ಕೆ 55 ಲೀಟರ್. ಹಾಡಿಯಲ್ಲಿ 180 ಜನ ಇದ್ದರೆ 9,900 ಲೀಟರ್. ಅಂದರೆ 10,000 ಲೀಟರಿನ ಟ್ಯಾಂಕ್ ದಿನಕ್ಕೊಮ್ಮೆ ತುಂಬಬೇಕು, ಅಥವಾ 5,000 ಲೀಟರಿನದು ಎರಡು ಸಲ. ಇನ್ನು ಠರಾವು ಹೀಗೆ ಬರಲಿ: 'ಹಾಡಿಯ 42 ಮನೆ, 180 ಜನರಿಗೆ ತಲೆಗೆ 55 ಲೀಟರಿನಂತೆ ಇಂಥ ಮೂಲದಿಂದ ನೀರು ಕೊಡಲು 10,000 ಲೀಟರ್ ಟ್ಯಾಂಕ್ ಮತ್ತು ಪೈಪಿನ ಕೆಲಸ ಆಗಬೇಕು. ಇದರ ಅಂದಾಜು ಪಟ್ಟಿಯನ್ನು ಇಂದಿನಿಂದ 30 ದಿನದೊಳಗೆ ತಯಾರಿಸಿಕೊಡಲು ಎಂಜಿನಿಯರ್ ಅವರಿಗೆ ಪತ್ರ ಬರೆಯುವುದು. ಬರುವ ಸಾಲಿನ ಕ್ರಿಯಾಯೋಜನೆಯಲ್ಲಿ ಈ ಕಾಮಗಾರಿಯನ್ನು ಸೇರಿಸುವುದು. ಪ್ರಗತಿಯನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಮಂಡಿಸುವುದು.' ಕ್ರಿಯಾಯೋಜನೆ ಎಂಬ ಪದ ಬಿಟ್ಟುಹೋದರೆ ಹಣ ಇರುವುದಿಲ್ಲ. ಹಣ ಇಲ್ಲದ ಠರಾವಿಗೆ ಪೈಪು ಬರುವುದಿಲ್ಲ.

ಕೊಡಗಿಗೇ ಹೊಂದುವ ಎರಡು ಮಾತು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಆದ್ದರಿಂದ ಮೋಟಾರಿನ ಬೋರ್‌ವೆಲ್ಲಿಗಿಂತ ಮೇಲಿನ ಒರತೆಯಿಂದ ತಾನಾಗಿ ಇಳಿದು ಬರುವ ನೀರು ಸಾಧ್ಯವೇ ಎಂದು ಅಂದಾಜಿನ ಹಂತದಲ್ಲೇ ಕೇಳಿ. ಆದರೆ ಆ ಒರತೆ ಏಪ್ರಿಲ್‌ನಲ್ಲಿ ಬತ್ತುತ್ತದೆಯೇ ಎಂದು ಹಾಡಿಯ ಹೆಂಗಸರನ್ನು ಕೇಳಿ ಆಮೇಲೆ ಬರೆಸಿ. ಆನೆ ಓಡಾಡುವ ಕಡೆ ಪೈಪನ್ನು ಮೇಲೆ ಹಾಸಿದರೆ ಒಂದೇ ವಾರ ಬಾಳುತ್ತದೆ. ಹೂಳುವ ಖರ್ಚು ಅಂದಾಜಿನಲ್ಲೇ ಇರಲಿ.

ಪೈಪು ಅರಣ್ಯ ಭೂಮಿ ದಾಟುತ್ತದೆ, ಕೇಂದ್ರದ ಅನುಮತಿ ಬೇಕು ಎಂದು ಕೆಲಸ ನಿಲ್ಲಿಸುವುದು ಹಳೆಯ ಚಾಳಿ. ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ. ಶಾಲೆ, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರಿನ ಪೈಪು, ರಸ್ತೆ, ಸಮುದಾಯ ಭವನ ಸೇರಿ 13 ಸೌಲಭ್ಯಗಳಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅಡ್ಡಿಯಿಲ್ಲದೆ ಜಾಗ ಕೊಡಬಹುದು. ಷರತ್ತು ಮೂರು: ಪ್ರತಿ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ ಕಡಿತ, ಗ್ರಾಮಸಭೆಯ ಶಿಫಾರಸು. ಮೂರನೆಯದು ನಿಮ್ಮ ಕೈಯಲ್ಲೇ ಇದೆ. ಉಪ ಅರಣ್ಯ ಸಂರಕ್ಷಣಾಧಿಕಾರಿ ಒಪ್ಪದಿದ್ದರೆ ವಿಷಯ ಜಿಲ್ಲಾ ಸಮಿತಿಗೆ ಹೋಗಬೇಕು, ಕಪಾಟಿಗಲ್ಲ.

ಪ್ರಶ್ನೆ: ಅಪ್ಪನ ಕಾಲದಿಂದ ತೋಟದ ಲೈನ್ ಮನೆಯಲ್ಲಿದ್ದೇವೆ (ಕೂಲಿಯವರ ಸಾಲುಮನೆ). ವಿಳಾಸಕ್ಕೆ ಧಣಿ ಸಹಿ ಹಾಕುವುದಿಲ್ಲ. ಕಾರ್ಡೂ ಇಲ್ಲ, ಮನೆ ಜಾಗವೂ ಇಲ್ಲ. ಎಲ್ಲಿಂದ ಹಿಡಿಯಬೇಕು?

ಮತದಾರರ ಪಟ್ಟಿಯಿಂದ. ಮತದಾರರಾಗಲು ಮನೆ ನಿಮ್ಮದಾಗಿರಬೇಕಿಲ್ಲ, ಸಾಮಾನ್ಯವಾಗಿ ಅಲ್ಲಿ ವಾಸವಿದ್ದರೆ ಸಾಕು. ನಮೂನೆ 6 ತುಂಬಿ. ವಿಳಾಸಕ್ಕೆ ದಾಖಲೆಯೇ ಇಲ್ಲದಿದ್ದರೆ ಬೂತ್ ಮಟ್ಟದ ಅಧಿಕಾರಿ ಸ್ಥಳಕ್ಕೆ ಬಂದು ನೋಡಬೇಕು. ಆಧಾರ್ ವಿಳಾಸಕ್ಕೂ ಧಣಿಯ ಸಹಿ ಬೇಡ. ಆಧಾರ್ ಪ್ರಾಧಿಕಾರದ ಸಿದ್ಧ ನಮೂನೆಯ ಪ್ರಮಾಣಪತ್ರಕ್ಕೆ ಗೆಜೆಟೆಡ್ ಅಧಿಕಾರಿಯೋ ಗ್ರಾಮ ಪಂಚಾಯಿತಿ ಮುಖ್ಯಸ್ಥರೋ ಸಹಿ ಹಾಕಬಹುದು. ಫೋಟೋದ ಮೇಲೆ ಅಡ್ಡ ಸಹಿ ಮತ್ತು ಸೀಲು ಇರಬೇಕು, ಮೂರು ತಿಂಗಳೊಳಗೆ ಬಳಸಬೇಕು. ಸೀಲು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿಲ್ಲವೆಂದು ವಾಪಸಾಗುವ ಅರ್ಜಿಗಳೇ ಹೆಚ್ಚು. ಇದಾದ ಮೇಲೆ ಪಡಿತರ ಚೀಟಿ. ಜೇನು ಕುರುಬರಾದರೆ ಕೇಂದ್ರದ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದೀರಿ. ಮನೆಗೆ ತಿಂಗಳಿಗೆ 35 ಕೆಜಿಯ ಅಂತ್ಯೋದಯ ಕಾರ್ಡನ್ನೇ ಕೇಳಿ. ಎರವರು, ಬೆಟ್ಟ ಕುರುಬರು ಆ ಪಟ್ಟಿಯಲ್ಲಿಲ್ಲ. ಅವರಿಗೆ ಕಾರ್ಡು ಸಿಗುವುದು ಬಡತನದ ಆಧಾರದಲ್ಲಿ, ಆದ್ದರಿಂದ ಅರ್ಜಿಯ ಒಕ್ಕಣೆ ಬೇರೆ.

ಮನೆ ಜಾಗ ನಿಧಾನದ ಕೆಲಸ. ಒಬ್ಬೊಬ್ಬರೇ ಹೋಗಬೇಡಿ. ಸುತ್ತಲಿನ ಲೈನ್‌ಗಳ ನಿವೇಶನರಹಿತರ ಪಟ್ಟಿ ಮಾಡಿ: ಹೆಸರು, ಮನೆಯಲ್ಲಿ ಎಷ್ಟು ಜನ, ಎಷ್ಟು ವರ್ಷದ ವಾಸ, ಜಾತಿ ಪ್ರಮಾಣಪತ್ರ ಇದೆಯೇ. ಅದನ್ನು ವಾರ್ಡ್ ಸಭೆಗೆ ಮುಂಚೆಯೇ ಪಂಚಾಯಿತಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಮುಂಚೆಯೇ ಎಂದು ಹೇಳುವುದಕ್ಕೆ ಕಾರಣವಿದೆ. ಸಭೆಯ ಮುಂದಿನ ಸಾಲಿನಲ್ಲಿ ಕೂತವರು ನಿಮಗೆ ಕೂಲಿ ಕೊಡುವವರೇ ಆಗಿರಬಹುದು. ಅವರೆದುರು ಎದ್ದು ನಿಂತು ಮಾತಾಡುವುದಕ್ಕಿಂತ ಮೊದಲೇ ಸಲ್ಲಿಸಿದ ಪಟ್ಟಿಯನ್ನು ಓದಿಸಿ ಎನ್ನುವುದು ಸಲೀಸು.

ಜಾಗವನ್ನೂ ನೀವೇ ಹುಡುಕಿ. 'ಜಾಗ ಇಲ್ಲ' ಎಂಬ ಉತ್ತರಕ್ಕೆ ಸರ್ವೆ ನಂಬರೇ ಪ್ರತ್ಯುತ್ತರ. ಪೈಸಾರಿ (ಸರ್ಕಾರದ ಪಾಳು ಜಾಗ) ಎಂದು ಗೊತ್ತಿರುವ ಜಾಗದ ಪಹಣಿ ತೆಗೆಸಿ, ಸರ್ಕಾರಿ ಪೈಸಾರಿ ಎಂದೇ ಇದೆಯೇ ನೋಡಿ. ದೇವರಕಾಡು, ಗೋಮಾಳ, ಸಿ ಮತ್ತು ಡಿ ವರ್ಗದ ಜಾಗ ಮುಟ್ಟಬೇಡಿ. ದೇವರಕಾಡು ಕೇಳಿದರೆ ಊರೇ ಎದುರು ನಿಲ್ಲುತ್ತದೆ, ನಿಲ್ಲಬೇಕಾದ್ದೇ. ಸಿ ಮತ್ತು ಡಿಯಲ್ಲಿ ಕಂದಾಯದವರು ಹೌದೆಂದರೂ ಅರಣ್ಯದವರು ತಕರಾರು ಹಾಕುತ್ತಾರೆ, ವರ್ಷಗಳು ಹೋಗುತ್ತವೆ. ಯಾವ ತಕರಾರೂ ಇಲ್ಲದ ಎರಡು ಮೂರು ಸರ್ವೆ ನಂಬರು ಸಿಕ್ಕರೆ ಅವನ್ನು ನಿವೇಶನಕ್ಕೆ ಕಾಯ್ದಿರಿಸುವಂತೆ ಗ್ರಾಮಸಭೆಯ ಠರಾವು ಮಾಡಿಸಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಕಳಿಸಿ. ಭೂಕಂದಾಯ ಕಾಯ್ದೆಯ ಕಲಂ 71ರಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಜಾಗ ಕಾಯ್ದಿರಿಸುವ ಅಧಿಕಾರ ಅವರಿಗಿದೆ. ಕಂದಾಯ ಮತ್ತು ಅರಣ್ಯದವರ ಜಂಟಿ ಸರ್ವೆ ಕೇಳುವುದನ್ನು ಅದೇ ಪತ್ರದಲ್ಲಿ ಸೇರಿಸಿ. ಕೊನೆಯಲ್ಲಿ ಕೇಳಿದರೆ ಕೊನೆಯಲ್ಲೇ ಕೆಡುತ್ತದೆ.

ಪ್ರಶ್ನೆ: ಅರ್ಜಿ ತೆಗೆದುಕೊಳ್ಳುವುದೇ ಇಲ್ಲ, 'ಆಮೇಲೆ ಬಾ' ಎನ್ನುತ್ತಾರೆ.

ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಪುರಾವೆ ಕೇಳಿ ಕಳಿಸಿ (ಹಿಂದಿನ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಇದರಲ್ಲೇ ಸೇರಿಹೋಯಿತು). ಕೈಯಲ್ಲೇ ಕೊಡುವುದಾದರೆ ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ದಿನಾಂಕ, ಸೀಲು, ಇನ್‌ವರ್ಡ್ ನಂಬರ್ ಮೂರೂ ಬೀಳಲಿ. ಸೀಲು ಇದ್ದು ನಂಬರ್ ಇಲ್ಲದಿದ್ದರೆ ಆ ಕಾಗದ ಪುಸ್ತಕಕ್ಕೆ ಹತ್ತಿಲ್ಲ ಎಂದರ್ಥ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಯಾದರೆ ಅದು ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ 'ಸಕಾಲ' ಕಾಯ್ದೆಯಡಿ ಬರುತ್ತದೆ. ಅರ್ಜಿಯ ಗುರುತಾದ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ, ಆದರೆ ಅದನ್ನು ತಡಮಾಡಿದವರಿಂದಲೇ ವಸೂಲು ಮಾಡುವ ವ್ಯವಸ್ಥೆ ಇರುವುದರಿಂದ ಅರ್ಜಿಗೆ ಕಾಲು ಬರುತ್ತದೆ.

ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಜಗಳವಾಡಬೇಡಿ, 'ಹಾಗೆಂದು ಹಿಂಬರಹ ಕೊಡಿ ಸ್ವಾಮಿ' ಎನ್ನಿ. ಬಾಯಿಮಾತಿಗೆ ಮೇಲ್ಮನವಿ ಇಲ್ಲ, ಹಿಂಬರಹಕ್ಕೆ, ಅಂದರೆ ಕಚೇರಿ ಬರೆದುಕೊಟ್ಟ ಉತ್ತರಕ್ಕೆ, ಇದೆ. ಅದನ್ನೂ ಕೊಡದಿದ್ದರೆ ಮಾಹಿತಿ ಹಕ್ಕು: 10 ರೂಪಾಯಿ (ಬಿಪಿಎಲ್ ಕಾರ್ಡಿದ್ದರೆ ಶುಲ್ಕವಿಲ್ಲ), 30 ದಿನ, ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. 'ಯಾಕೆ ಕೊಟ್ಟಿಲ್ಲ' ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ಮುಚ್ಚುತ್ತಾರೆ. 'ನಮ್ಮ ಇಂಥ ದಿನಾಂಕದ, ಇಂಥ ನಂಬರಿನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ' ಎಂದು ಕೇಳಿ.

ಪ್ರಶ್ನೆ: ನಮ್ಮಲ್ಲಿ ಸಭೆಗೆ ಹೋದ ಕೂಡಲೇ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಏನು ಬರೆದರೆಂದು ಯಾರಿಗೂ ತಿಳಿಯುವುದಿಲ್ಲ. (ಸ್ವಸಹಾಯ ಸಂಘದ ಸದಸ್ಯೆ, ಸೋಮವಾರಪೇಟೆ ಕಡೆಯಿಂದ)

ಹಾಜರಾತಿಯ ಸಹಿ ಬೇರೆ, ನಡಾವಳಿಯ ಸಹಿ ಬೇರೆ. ಮೊದಲನೆಯದನ್ನು ಹಾಕಿ, ಎರಡನೆಯದನ್ನು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆ ಹಾಕಿ. ಹಾಜರಾತಿ ಹಾಳೆಯ ತಲೆಯಲ್ಲಿ ದಿನಾಂಕ, ಸ್ಥಳ, 'ಹಾಜರಾತಿ ಮಾತ್ರ' ಎಂದು ಇರಲಿ. ಕೊನೆಯ ಸಹಿಯ ಕೆಳಗೆ ಅಡ್ಡ ಗೆರೆ ಎಳೆದು ಒಟ್ಟು ಎಷ್ಟು ಜನ ಎಂದು ಅಕ್ಷರದಲ್ಲಿ ಬರೆಸಿ. ಖಾಲಿ ಬಿಟ್ಟ ಜಾಗದಲ್ಲಿ ಸಭೆಯಾದ ಮೇಲೆ ಊರೇ ಹುಟ್ಟಿಕೊಳ್ಳುತ್ತದೆ. ಎದ್ದು ಬರುವ ಮುಂಚೆ ಮೊಬೈಲಿನಲ್ಲಿ ಪುಟಗಳ ಫೋಟೋ ತೆಗೆಯಿರಿ.

ಸಭೆಯ ಸಮಯವೂ ಒಂದು ರಾಜಕೀಯ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ವಾರದ ನಡುವೆ ಹನ್ನೊಂದು ಗಂಟೆಗೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸಂಜೆ ಕರೆದರೆ ಆನೆ ಭಯ. ಹಾಡಿ, ಲೈನ್‌ಗಳವರಿಗೆ ಭಾನುವಾರ ಬೆಳಿಗ್ಗೆ ಒಳ್ಳೆಯದು, ಹತ್ತಿರದ ಸಂತೆ ಅದೇ ದಿನ ಇಲ್ಲದಿದ್ದರೆ. ಪಂಚಾಯಿತಿ ಸಭೆಯನ್ನೇ ಕರೆಯದಿದ್ದರೆ ಗ್ರಾಮಸಭೆಯ ಸದಸ್ಯರಲ್ಲಿ ಶೇ 10ರಷ್ಟು ಜನ, ಚರ್ಚೆಯ ವಿಷಯ ನಮೂದಿಸಿ ಸಹಿ ಹಾಕಿ ವಿಶೇಷ ಸಭೆ ಕೇಳಬಹುದು.

ಪ್ರಶ್ನೆ: ಕೊನೆಗೂ ಕೋರ್ಟು ಹೇಳಿದರೆ ತಾನೇ ಹಕ್ಕು? ಸಭೆ, ಠರಾವುಗಳಿಂದ ಏನಾಗುತ್ತದೆ? (ಕಾನೂನು ವಿದ್ಯಾರ್ಥಿ, ಮಡಿಕೇರಿ)

ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲಾಗದು ಎಂದು 37ನೇ ವಿಧಿ ಹೇಳುತ್ತದೆ. ಅದೇ ಉಸಿರಿನಲ್ಲಿ ಅವು ಆಡಳಿತಕ್ಕೆ ಮೂಲಭೂತ ಎಂದೂ ಹೇಳುತ್ತದೆ. ಎರಡನೆಯ ಮಾತನ್ನು ನಿಜ ಮಾಡಿಸುವ ಜಾಗ ಪಂಚಾಯಿತಿ ಕಟ್ಟೆ. ಇನ್ನೊಂದು ಬದಿಯನ್ನೂ ನೋಡಿ. ದಕ್ಷಿಣ ಆಫ್ರಿಕಾದ ಸಂವಿಧಾನದಲ್ಲಿ ವಸತಿ ಹಕ್ಕು ಕೋರ್ಟಿಗೆ ಒಯ್ಯಬಹುದಾದ ಹಕ್ಕೇ. 2000ದಲ್ಲಿ ಐರೀನ್ ಗ್ರೂಟ್‌ಬೂಮ್ ಮತ್ತು ಅವರ ಜೊತೆಯವರು ಅಲ್ಲಿನ ಸಂವಿಧಾನ ನ್ಯಾಯಾಲಯದಲ್ಲಿ ಗೆದ್ದರು. ಜಗತ್ತಿನ ಕಾನೂನು ಕಾಲೇಜುಗಳೆಲ್ಲ ಆ ತೀರ್ಪು ಓದುತ್ತವೆ. 2008ರಲ್ಲಿ ಆಕೆ ತೀರಿಕೊಂಡಾಗಲೂ ಇದ್ದದ್ದು ಜೋಪಡಿಯಲ್ಲೇ. ಅದೇ ದೇಶದಲ್ಲಿ 1998ರಲ್ಲಿ ಹುಟ್ಟಿದ ಎಚ್‌ಐವಿ ಔಷಧಿಯ ಚಳವಳಿ ಬೀದಿ, ಆಸ್ಪತ್ರೆ, ಕೋರ್ಟು ಮೂರನ್ನೂ ಹಿಡಿಯಿತು. 2002ರ ತೀರ್ಪು ಜಾರಿಯಾಗುತ್ತಿದೆಯೇ ಎಂದು ಹಿಂಬಾಲಿಸಲು ಅದಕ್ಕೆ ಜನ ಇದ್ದರು. ವ್ಯತ್ಯಾಸ ಅಲ್ಲಿದೆ.

ನಮ್ಮಲ್ಲೂ ಹಾಗೇ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾದಲ್ಲಿ ಪಂಚಾಯಿತಿಯ ಕೂಲಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿಸಿತು. ಆ ಜನಸುನವಾಯಿಗಳ (ಊರೆದುರಿನ ವಿಚಾರಣೆಗಳ) ದಾರಿಯಲ್ಲೇ 2005ರ ಮಾಹಿತಿ ಹಕ್ಕು ಬಂದದ್ದು. ಕುಟ್ಟ ದಾಟಿದರೆ ಸಿಗುವ ಕೇರಳದಲ್ಲಿ 1996ರ ಜನಕೀಯ ಯೋಜನೆ ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಇಳಿಸಿತು. ಇವೆರಡೂ ತೀರ್ಪಿನಿಂದ ಆದದ್ದಲ್ಲ.

ಕೋರ್ಟು ಬೇಡವೆಂದಲ್ಲ. ನಾಳೆ ಬೆಳಿಗ್ಗೆ ಮನೆ ಕೆಡವಲು ಬಂದರೆ ಗ್ರಾಮಸಭೆ ಕರೆಯುತ್ತಾ ಕೂರಬೇಡಿ, ತಡೆಯಾಜ್ಞೆಗೆ ಓಡಿ. ಆಗಲೂ ನ್ಯಾಯಾಧೀಶರು ಮೊದಲು ಕೇಳುವುದು ನೀವು ಯಾರಿಗೆ ಯಾವಾಗ ಬರೆದಿರಿ, ಅವರೇನು ಹೇಳಿದರು ಎಂದು. ಇನ್‌ವರ್ಡ್ ನಂಬರ್ ಇರುವ ಆ ಹಳೆಯ ಪ್ರತಿಯನ್ನು ಮಳೆಗಾಲದಲ್ಲಿ ಗೆದ್ದಲು, ಬೂಷ್ಟು ಹಿಡಿಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿರಬೇಕು, ಅಷ್ಟೇ.